ಇಪ್ಪತ್ತು ಸಾಲಿನ ಪದ್ಯ, ಎರಡು ಪುಟದ ನೋಟ್ಸ್: ಒಂಬತ್ತನೇ ತರಗತಿಯ ಒಂದು ಪ್ರಕರಣ

36 ಉತ್ತರ ಪತ್ರಿಕೆ ತಿದ್ದಲು ಕೂತಿದ್ದೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಪೆನ್ನು ನಿಂತಿತು. ಒಂದೇ ವಾಕ್ಯ ತಿರುತಿರುಗಿ ಬರುತ್ತಿತ್ತು: ಕವಿ ಹೆಚ್ಚು ಜನ ನಡೆಯದ ದಾರಿ ಹಿಡಿದ, ಅದರಿಂದ ಬದುಕಿನಲ್ಲಿ ಯಶಸ್ಸು ಕಂಡ. ಇಂಗ್ಲಿಷ್ ಚೆನ್ನಾಗಿತ್ತು. ಸ್ಪೆಲಿಂಗ್ ತಪ್ಪಿರಲಿಲ್ಲ. ಎಲ್ಲ ಮುಗಿಸಿ ಎಣಿಸಿದಾಗ 29 ಮಕ್ಕಳು ಅದನ್ನೇ ಬರೆದಿದ್ದರು.

ಪಾಠ ಮಾಡಿದ್ದು ರಾಬರ್ಟ್ ಫ್ರಾಸ್ಟ್ ಅವರ ‘ದ ರೋಡ್ ನಾಟ್ ಟೇಕನ್’. ಆ ಪದ್ಯದಲ್ಲಿ ಯಶಸ್ಸು ಅನ್ನುವ ಅರ್ಥದ ಒಂದು ಪದವೂ ಇಲ್ಲ.

ಎರಡನೇ ಪ್ರಶ್ನೆ ಇನ್ನೂ ಸುಲಭದ್ದು. ಎರಡು ದಾರಿಗಳು ನೋಡಲು ಹೇಗಿದ್ದವು, ಪದ್ಯದಿಂದ ಒಂದು ಸಾಲು ಆರಿಸಿ ಬರೆಯಿರಿ ಎಂದು ಕೇಳಿದ್ದೆ. ಹೆಚ್ಚಿನವರು ಜಾಗ ಖಾಲಿ ಬಿಟ್ಟಿದ್ದರು. ಕೆಲವರು ನನ್ನ ನೋಟ್ಸ್‌ನ ವಾಕ್ಯವನ್ನೇ ಪದ್ಯದ ಸಾಲು ಅಂದುಕೊಂಡು ಬರೆದಿದ್ದರು. ಅದನ್ನು ನೋಡಿ ನನಗೆ ನಿಜಕ್ಕೂ ನೋವಾಯಿತು. ಮಕ್ಕಳು ಓದಿರಲಿಲ್ಲ ಅಂತಲ್ಲ. ಓದಿದ್ದರು, ಕಷ್ಟಪಟ್ಟೇ ಓದಿದ್ದರು. ಆದರೆ ಅವರು ಓದಿದ್ದು ಪದ್ಯವನ್ನಲ್ಲ.

ಆಮೇಲೆ ಏನು ಮಾಡಿದೆ, ಯಾವುದು ಹಿಡಿಯಿತು, ಯಾವುದು ಹಿಡಿಯಲಿಲ್ಲ ಅನ್ನುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಒಂದು ತರಗತಿ, ಒಂದು ಪದ್ಯ, ಸುಮಾರು ಎರಡು ತಿಂಗಳು.

ಏನೇನು ಕೊಟ್ಟಿದ್ದೆ

ಸಾಮಗ್ರಿ ಕಡಿಮೆ ಇತ್ತು ಅಂತ ಹೇಳುವ ಹಾಗಿಲ್ಲ. ಪಠ್ಯಪುಸ್ತಕದಲ್ಲಿ ಪದ್ಯ, ಅದರ ಕೆಳಗೆ ಕಠಿಣ ಪದಗಳ ಅರ್ಥ. ನಾನು ಸಿದ್ಧ ಮಾಡಿದ 14 ಸ್ಲೈಡ್‌ಗಳು: ಕವಿಯ ಪರಿಚಯ, ಕಾಡಿನ ದಾರಿಯ ಚಿತ್ರಗಳು, ಆಶಯ, ಅಲಂಕಾರಗಳು. ಪದ್ಯವನ್ನು ವಿವರಿಸುವ ಒಂದು ವಿಡಿಯೊ. ಕೊನೆಗೆ ಎರಡು ಪುಟದ ನೋಟ್ಸ್. ಅದರಲ್ಲಿ ಸಾರಾಂಶ ಮತ್ತು ಆರು ಪ್ರಶ್ನೋತ್ತರ.

ಆ ದಿನ ಸಂಜೆ ಸುಮ್ನೆ ಒಂದು ಲೆಕ್ಕ ಹಾಕಿದೆ. 40 ನಿಮಿಷದ ನಾಲ್ಕು ಪೀರಿಯಡ್, ಒಟ್ಟು 160 ನಿಮಿಷ. ಅಷ್ಟರಲ್ಲಿ ಮಕ್ಕಳ ಕಣ್ಣು ಪದ್ಯದ ಸಾಲುಗಳ ಮೇಲೆ ಎಷ್ಟು ಹೊತ್ತು ಇತ್ತು? ನಾನು ಒಂದು ಸಲ ಜೋರಾಗಿ ಓದಿದೆ. ಒಬ್ಬ ಹುಡುಗ ಒಂದು ಸಲ ಓದಿದ. ಆಮೇಲೆ ಸಾಲು ಸಾಲಾಗಿ ಅರ್ಥ ಹೇಳುತ್ತಾ ಹೋದೆ, ಅವರು ಬರೆದುಕೊಳ್ಳುತ್ತಾ ಹೋದರು. ಎಷ್ಟು ಉದಾರವಾಗಿ ಎಣಿಸಿದರೂ 15 ನಿಮಿಷ ದಾಟಲಿಲ್ಲ. ಉಳಿದ ಹೊತ್ತೆಲ್ಲ ಪದ್ಯದ ಬಗ್ಗೆ ಬೇರೆಯವರು ಹೇಳಿದ್ದನ್ನು ನೋಡುವುದರಲ್ಲಿ, ಕೇಳುವುದರಲ್ಲಿ ಹೋಗಿತ್ತು.

ಪದ್ಯದಲ್ಲಿ ನಿಜವಾಗಿ ಇರುವುದು

ಇಡೀ ಪದ್ಯ 20 ಸಾಲು. ಐದೈದು ಸಾಲಿನ ನಾಲ್ಕು ನುಡಿ. ಪ್ರತಿ ನುಡಿಯಲ್ಲೂ ಒಂದು, ಮೂರು, ನಾಲ್ಕನೇ ಸಾಲುಗಳಿಗೆ ಒಂದು ಪ್ರಾಸ; ಎರಡು, ಐದನೇ ಸಾಲುಗಳಿಗೆ ಇನ್ನೊಂದು.

ಎಲೆ ಹಳದಿಯಾದ ಕಾಡಿನಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ. ಹೇಳುವವನು ಒಂದು ದಾರಿಯನ್ನು ಕಣ್ಣು ಹೋಗುವಷ್ಟು ದೂರ ನೋಡುತ್ತಾನೆ. ಆಮೇಲೆ ಇನ್ನೊಂದನ್ನು ಹಿಡಿಯುತ್ತಾನೆ. ಅದು ‘ಜಸ್ಟ್ ಆ್ಯಸ್ ಫೇರ್’, ಅಂದರೆ ಮೊದಲನೆಯದರಷ್ಟೇ ಚೆಂದ. ‘ಪರ್ಹ್ಯಾಪ್ಸ್’, ಅಂದರೆ ಬಹುಶಃ, ಅದನ್ನೇ ಹಿಡಿಯುವುದು ಹೆಚ್ಚು ಸರಿ; ಯಾಕೆಂದರೆ ಅಲ್ಲಿ ಹುಲ್ಲು ಬೆಳೆದಿದೆ, ನಡೆಯುವವರು ಬೇಕು ಅನ್ನುವ ಹಾಗೆ ಕಾಣುತ್ತದೆ. ಈ ಮಾತು ಮುಗಿಯುವ ಮೊದಲೇ ಅವನು ಹಿಂದಕ್ಕೆ ಸರಿಯುತ್ತಾನೆ. ‘ದೋ ಆ್ಯಸ್ ಫಾರ್ ದ್ಯಾಟ್’, ಅಂದರೆ ಆದರೂ ಆ ಮಟ್ಟಿಗೆ ನೋಡಿದರೆ, ಅನ್ನುತ್ತಾನೆ. ನಿಜ ನೋಡಿದರೆ ಎರಡೂ ಸವೆದದ್ದು ಹೆಚ್ಚುಕಡಿಮೆ ಒಂದೇ ಸಮ. ಮೂರನೇ ನುಡಿಯ ಮೊದಲಲ್ಲೇ ಮತ್ತೆ ಹೇಳುತ್ತಾನೆ: ಆ ಬೆಳಗ್ಗೆ ಎರಡೂ ‘ಈಕ್ವಲಿ’, ಅಂದರೆ ಒಂದೇ ಸಮನಾಗಿ, ಬಿದ್ದಿದ್ದವು, ಯಾರ ಹೆಜ್ಜೆಗೂ ಕಪ್ಪಾಗದ ಎಲೆಗಳ ಕೆಳಗೆ.

ಹಾಗಾದರೆ ಕೊನೆಯಲ್ಲಿ ಬರುವ ‘ಲೆಸ್ ಟ್ರಾವೆಲ್ಡ್’ ಮಾತು, ಅಂದರೆ ಕಡಿಮೆ ಜನ ನಡೆದ ದಾರಿ ಹಿಡಿದೆ, ಅದರಿಂದಲೇ ಎಲ್ಲ ಬೇರೆಯಾಯಿತು ಅನ್ನುವ ಮಾತು? ಅದನ್ನು ಅವನು ಈಗ ಹೇಳುತ್ತಿಲ್ಲ. ಮುಂದೆ ಎಷ್ಟೋ ಕಾಲದ ಮೇಲೆ, ಎಲ್ಲೋ ಕೂತು, ನಿಟ್ಟುಸಿರಿನ ಜೊತೆ ಹೀಗೆ ಹೇಳುತ್ತಿರುತ್ತೇನೆ ಅನ್ನುತ್ತಾನೆ. ಹೆಸರನ್ನೂ ನೋಡಿ. ಪದ್ಯದ ಹೆಸರು ಹಿಡಿದ ದಾರಿಯದ್ದಲ್ಲ, ಬಿಟ್ಟ ದಾರಿಯದ್ದು.

ಇದನ್ನು ಧೈರ್ಯದ ಪದ್ಯ ಅಂತ ಓದುವವರು ಲಕ್ಷಾಂತರ ಜನ ಇದ್ದಾರೆ. ಹಾಗೆ ಓದುವುದು ಪಾಪವೇನಲ್ಲ. ಆದರೆ ಹಾಗೆ ಓದುವವರು ಎರಡನೇ ನುಡಿಗೆ, ಮೂರನೇ ನುಡಿಗೆ ಏನಾದರೂ ಉತ್ತರ ಕೊಡಲೇಬೇಕು. ನನ್ನ ನೋಟ್ಸ್‌ನಲ್ಲಿ ಆ ನುಡಿಗಳ ಸುದ್ದಿಯೇ ಇರಲಿಲ್ಲ.

ನಾನು ಮಾಡಿದ ಮೊದಲ ಪರಿಹಾರ

ಮರುದಿನ ತರಗತಿಗೆ ಹೋಗಿ ‘ಸರಿಯಾದ’ ಅರ್ಥ ಹೇಳಿದೆ. ಈ ಭಾಗವನ್ನು ಬಿಡದೆ ಬರೆಯಬೇಕು. ಇಡೀ ಪ್ರಕರಣದ ತಿರುಳು ಇಲ್ಲೇ ಇದೆ.

ಪದ್ಯದ ಹಿಂದಿನ ಕಥೆ ಹೇಳಿದೆ. ಅಮೆರಿಕದವರಾದ ಫ್ರಾಸ್ಟ್ 1912ರಿಂದ 1915ರವರೆಗೆ ಇಂಗ್ಲೆಂಡಿನಲ್ಲಿದ್ದರು. ಅಲ್ಲಿ ಎಡ್ವರ್ಡ್ ಥಾಮಸ್ ಎಂಬ ಬರಹಗಾರ ಗೆಳೆಯರಾದರು. ಇಬ್ಬರೂ ಜೊತೆಯಾಗಿ ದೂರ ದೂರ ನಡೆಯುತ್ತಿದ್ದರು. ಯಾವ ದಾರಿಯಲ್ಲಿ ಹೋದರೂ ಥಾಮಸ್ ಅವರಿಗೆ ಆಮೇಲೆ ಕೊರಗು: ಆ ಇನ್ನೊಂದು ದಾರಿಯಲ್ಲಿ ಹೋಗಿದ್ದರೆ ಇನ್ನೂ ಚೆನ್ನಾಗಿ ಏನೋ ತೋರಿಸಬಹುದಿತ್ತು ಅಂತ. ಫ್ರಾಸ್ಟ್ ಅದನ್ನು ಮನಸ್ಸಿನಲ್ಲಿಟ್ಟು, ಗೆಳೆಯನನ್ನು ಪ್ರೀತಿಯಿಂದ ಕೆಣಕುವ ಹಾಗೆ ಈ ಪದ್ಯ ಬರೆದು ಕಳಿಸಿದರು. ಥಾಮಸ್ ಅದನ್ನು ತಮಾಷೆ ಅಂದುಕೊಳ್ಳಲಿಲ್ಲ. 1915ರ ಜುಲೈನಲ್ಲಿ ಅವರು ಸೈನ್ಯಕ್ಕೆ ಸೇರಿದರು. ಆಗಸ್ಟ್‌ನಲ್ಲಿ ಪದ್ಯ ‘ದ ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಅಚ್ಚಾಯಿತು. 1917ರ ಏಪ್ರಿಲ್ 9ರಂದು ಫ್ರಾನ್ಸಿನ ಆರಾಸ್‌ನಲ್ಲಿ ಥಾಮಸ್ ಯುದ್ಧದಲ್ಲಿ ಸತ್ತರು.

ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಪಾಠ ಚೆನ್ನಾಗಿ ಆಯಿತು ಅಂದುಕೊಂಡೆ. ವಾರದ ನಂತರ ಅದೇ ಎರಡು ಪ್ರಶ್ನೆ ಮತ್ತೆ ಕೊಟ್ಟೆ. ಈ ಸಲ ಬಹುತೇಕ ಎಲ್ಲರೂ ಬರೆದದ್ದು: ಕವಿ ತನ್ನ ಗೆಳೆಯನನ್ನು ತಮಾಷೆ ಮಾಡಿದ್ದಾನೆ, ಎರಡೂ ದಾರಿ ಒಂದೇ. ಎರಡನೇ ಪ್ರಶ್ನೆ, ಅದೇ ಸಾಲು ಆರಿಸಿ ಬರೆಯುವ ಪ್ರಶ್ನೆ, ಮತ್ತೆ ಖಾಲಿ.

ಅಂದರೆ ಮಕ್ಕಳ ಕೈಯಲ್ಲಿದ್ದ ತಪ್ಪು ಸಾರಾಂಶ ಹೋಗಿ ಸರಿಯಾದ ಸಾರಾಂಶ ಬಂದಿತ್ತು, ಅಷ್ಟೇ. ಪದ್ಯ ಮಾತ್ರ ಮೊದಲು ಎಲ್ಲಿತ್ತೋ ಅಲ್ಲೇ ಇತ್ತು. ನನ್ನ ಎರಡು ಪುಟದ ನೋಟ್ಸ್‌ನ ತಪ್ಪು ಅದರಲ್ಲಿದ್ದ ಮಾತಿನಲ್ಲಿ ಇರಲಿಲ್ಲ. ಅದು ಪದ್ಯದ ಜಾಗದಲ್ಲಿ ಕೂತಿತ್ತು, ತಪ್ಪು ಅದು. ಆ ಜಾಗದಲ್ಲಿ ಎಷ್ಟು ಒಳ್ಳೆಯ ಮಾತು ತಂದಿಟ್ಟರೂ ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ಯಾಕೆ ಮಾಡಬಾರದು? ಅಂಕ ಬರುವುದು ಅದಕ್ಕೇ ತಾನೆ.

ಅಲ್ಲಿಂದ ನಾನು ಮಾಡುವ ಪ್ರತಿ ಹಾಳೆಗೂ ಒಂದೇ ಪರೀಕ್ಷೆ ಇಟ್ಟುಕೊಂಡೆ. ಈ ಹಾಳೆ ಕೈಯಲ್ಲಿದ್ದಾಗ ಮಗು ಪದ್ಯವನ್ನು ನೋಡದೆಯೇ ಇದನ್ನು ತುಂಬಬಹುದಾ? ತುಂಬಬಹುದಾದರೆ ಆ ಹಾಳೆ ಬೇಡ.

ಬರೀ ಪದ್ಯ ಇರುವ ಹಾಳೆ

ಮೊದಲ ಹಾಳೆಯಲ್ಲಿ ಪದ್ಯ ಬಿಟ್ಟು ಬೇರೇನೂ ಇರಲಿಲ್ಲ. ದೊಡ್ಡ ಅಕ್ಷರ, ಸಾಲುಗಳ ನಡುವೆ ಬರೆಯುವಷ್ಟು ಜಾಗ, ಬಲಗಡೆ ಪುಟದ ಮೂರನೇ ಒಂದು ಭಾಗ ಖಾಲಿ. ಐದು, ಹತ್ತು, ಹದಿನೈದು, ಇಪ್ಪತ್ತನೇ ಸಾಲಿನ ಪಕ್ಕ ಸಂಖ್ಯೆ. ಸಂಖ್ಯೆ ಇಲ್ಲದಿದ್ದರೆ ಚರ್ಚೆಯ ಹೊತ್ತಿನಲ್ಲಿ ‘ಎಲ್ಲಿ, ಯಾವ ಸಾಲು’ ಅಂತ ಹುಡುಕುವುದರಲ್ಲೇ ಅರ್ಧ ಪೀರಿಯಡ್ ಹೋಗುತ್ತದೆ. ಪದದ ಅರ್ಥ ಹಾಕಲಿಲ್ಲ, ಚಿತ್ರ ಹಾಕಲಿಲ್ಲ, ಪ್ರಶ್ನೆಯನ್ನೂ ಹಾಕಲಿಲ್ಲ.

ನಕಲು ಮಾಡಿ ಹಂಚುವವರಿಗೆ ಒಂದು ಮಾತು. ಈ ಪದ್ಯ 1915ರದ್ದು, ಆದ್ದರಿಂದ ಅಮೆರಿಕದಲ್ಲಿ ಇದರ ಕೃತಿಸ್ವಾಮ್ಯದ (ಕಾಪಿರೈಟ್) ಹಕ್ಕು ಮುಗಿದಿದೆ. ಬೇರೆ ಹಲವು ದೇಶಗಳಲ್ಲಿ ಲೆಕ್ಕ ಹಾಕುವುದು ಕವಿ ತೀರಿಕೊಂಡ ವರ್ಷದಿಂದ. ಫ್ರಾಸ್ಟ್ ತೀರಿಕೊಂಡದ್ದು 1963ರಲ್ಲಿ. ಅಲ್ಲಿಂದ 60 ವರ್ಷ ಎಣಿಸುವ ಕಡೆ ಹಕ್ಕು ಮುಗಿದಿದೆ, 70 ವರ್ಷ ಎಣಿಸುವ ಕಡೆ ಇನ್ನೂ ಇದೆ. ಧ್ವನಿಮುದ್ರಣದ ಹಕ್ಕು ಬೇರೆಯೇ.

ಕವಿಯ ಹೆಸರು, ಹುಟ್ಟಿದ ವರ್ಷ ಏನೂ ಇಲ್ಲದೆ ಪದ್ಯ ಕೊಡುವುದು ಹೊಸ ಉಪಾಯವಲ್ಲ. 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಸಾಹಿತ್ಯ ವಿಮರ್ಶಕ ಐ. ಎ. ರಿಚರ್ಡ್ಸ್ ಹೀಗೆ ಹೆಸರಿಲ್ಲದ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದ ಅಭಿಪ್ರಾಯಗಳನ್ನು ಒಟ್ಟುಮಾಡಿ 1929ರಲ್ಲಿ ಪುಸ್ತಕ ತಂದರು. ಓದುವವರಿಗೆ ಎದುರಾಗುವ ತೊಡಕುಗಳನ್ನು ಅವರು ಪಟ್ಟಿ ಮಾಡಿದ್ದಾರೆ. ಪಟ್ಟಿಯಲ್ಲಿ ಮೊದಲನೆಯದು ಸಾಲುಗಳ ಸರಳ ಅರ್ಥ ಹಿಡಿಯಲಾಗದಿರುವುದು. ಇನ್ನೊಂದು ನಮ್ಮ ಪ್ರಕರಣಕ್ಕೆ ಹೇಳಿ ಮಾಡಿಸಿದ ಹಾಗಿದೆ: ಮನಸ್ಸಿನಲ್ಲಿ ಮೊದಲೇ ತಯಾರಿರುವ ಭಾವನೆ ಪದ್ಯದ ಒಂದು ಪದ ಕಂಡ ಕೂಡಲೇ ಹೊರಗೆ ಬಂದುಬಿಡುವುದು. ಜನ ನಡೆಯದ ದಾರಿ ಅಂದ ಕೂಡಲೇ ಧೈರ್ಯ, ಛಲ, ಗೆಲುವು ಅಂತ ನಮ್ಮ ಬಾಯಿಗೆ ಬರುತ್ತದಲ್ಲ, ಹಾಗೆ. ಇದು ಹದಿನಾಲ್ಕು ವರ್ಷದ ಮಕ್ಕಳ ತಪ್ಪಲ್ಲ. ಕೇಂಬ್ರಿಜ್‌ನ ವಿದ್ಯಾರ್ಥಿಗಳೂ ಅಲ್ಲೇ ಎಡವಿದ್ದರು.

ನನ್ನ ಮಕ್ಕಳಿಗೆ ಈ ಪದ್ಯ ಹೊಸದಾಗಿರಲಿಲ್ಲ, ನಿಜ. ಆದರೂ ಹಾಳೆ ಬೇರೆ ಥರ ಕಾಣುತ್ತಿತ್ತು. ಎಲ್ಲರಿಗೂ ಪೆನ್ಸಿಲ್ ಹಿಡಿಯಲು ಹೇಳಿದೆ. ಅರ್ಥವಾಗದ ಕಡೆ ಪ್ರಶ್ನೆಚಿಹ್ನೆ, ಮನಸ್ಸು ನಿಂತ ಕಡೆ ಅಡಿಗೆರೆ. ಹತ್ತು ನಿಮಿಷ ಯಾರೂ ಮಾತಾಡಬಾರದು.

ಹಾಳೆಗಳನ್ನು ಒಟ್ಟುಮಾಡಿ ನೋಡಿದಾಗ ಆಶ್ಚರ್ಯ ಕಾದಿತ್ತು. ‘ಡೈವರ್ಜ್ಡ್’, ‘ಅಂಡರ್‌ಗ್ರೋತ್’, ‘ಟ್ರಾಡನ್’ ಇಂಥ ಪದಗಳ ಮೇಲೆ ಪ್ರಶ್ನೆಚಿಹ್ನೆ ಕಡಿಮೆ. ಅವುಗಳ ಅರ್ಥ ಪುಸ್ತಕದಲ್ಲೇ ಇತ್ತು, ಓದಿಕೊಂಡಿದ್ದರು. ಚಿಹ್ನೆಗಳು ಗುಂಪುಗೂಡಿದ್ದು ಎರಡನೇ ನುಡಿಯಲ್ಲಿ, ‘ದೋ ಆ್ಯಸ್ ಫಾರ್ ದ್ಯಾಟ್’ ಸುತ್ತ. ಆ ನಾಲ್ಕು ಪದಗಳಲ್ಲಿ ಒಂದೂ ಕಠಿಣ ಪದವಲ್ಲ. ಒಂದಕ್ಕೂ ಅರ್ಥ ಕೊಟ್ಟಿರಲಿಲ್ಲ.

ಚಿಕ್ಕ ಪದಗಳು

ಶಬ್ದಾರ್ಥದ ಪಟ್ಟಿ ಮಾಡುವಾಗ ನಾವೆಲ್ಲ ಮಾಡುವುದು ಒಂದೇ: ಉದ್ದ ಪದ, ಅಪರೂಪದ ಪದ ಹುಡುಕುತ್ತೇವೆ. ಆದರೆ ಈ ಪದ್ಯ ತಿರುಗುವುದು ಚಿಕ್ಕ ಪದಗಳ ಮೇಲೆ. ‘ಜಸ್ಟ್ ಆ್ಯಸ್’, ‘ಪರ್ಹ್ಯಾಪ್ಸ್’, ‘ದೋ’, ‘ರಿಯಲಿ’, ‘ಈಕ್ವಲಿ’, ‘ಯೆಟ್’, ‘ಶ್ಯಾಲ್’. ಹೇಳುವವನು ಒಂದು ಮಾತು ಮುಂದಿಟ್ಟು ತಕ್ಷಣ ಹಿಂದಕ್ಕೆ ತೆಗೆದುಕೊಳ್ಳುತ್ತಾನಲ್ಲ, ಆ ಚಲನೆ ಪೂರ್ತಿ ಈ ಪದಗಳಲ್ಲೇ ಇದೆ. ಅವುಗಳನ್ನು ಹಾರಿಸಿ ಓದಿದರೆ ಉಳಿಯುವುದು ಕಾಡು, ದಾರಿ, ಹುಲ್ಲು, ಎಲೆ.

ಹಾಗಾಗಿ ಎರಡನೇ ಹಾಳೆ ಚಿಕ್ಕ ಪದಗಳದ್ದು. ಪ್ರತಿ ಪದದ ಮುಂದೆ ಕನ್ನಡದಲ್ಲಿ ಒಂದು ಅರ್ಥ, ಪಕ್ಕದಲ್ಲಿ ಒಂದು ಪ್ರಶ್ನೆ: ಈ ಪದ ತೆಗೆದುಬಿಟ್ಟರೆ ಸಾಲು ಏನು ಹೇಳುತ್ತದೆ? ‘ಪರ್ಹ್ಯಾಪ್ಸ್’ ತೆಗೆದು ಓದಿದಾಗ ಮಕ್ಕಳಿಗೆ ತಾನಾಗಿಯೇ ಹೊಳೆಯಿತು. ಪದ ಇಲ್ಲದಿದ್ದರೆ ಅವನು ಖಚಿತವಾಗಿ ಹೇಳಿದ ಹಾಗಾಗುತ್ತದೆ. ಇದ್ದರೆ ಅನುಮಾನ.

‘ಶ್ಯಾಲ್ ಬಿ ಟೆಲ್ಲಿಂಗ್’ ವಿಷಯ ಬೇರೆ. ಇಲ್ಲಿ ನಮ್ಮ ಕನ್ನಡವೇ ಮಕ್ಕಳಿಗೆ ಸ್ವಲ್ಪ ಮರೆ ಆಗಿತ್ತು. ಕನ್ನಡದಲ್ಲಿ ‘ಹೇಳುತ್ತೇನೆ’ ಅಂದರೆ ದಿನಾ ಹೇಳುತ್ತೇನೆ ಅಂತಲೂ ಆಗುತ್ತದೆ, ನಾಳೆ ಹೇಳುತ್ತೇನೆ ಅಂತಲೂ ಆಗುತ್ತದೆ. ಕಾಲ ಯಾವುದು ಅಂತ ಸಂದರ್ಭದಿಂದ ತಿಳಿದುಕೊಳ್ಳುತ್ತೇವೆ. ಮಕ್ಕಳು ಮನಸ್ಸಿನಲ್ಲೇ ‘ನಿಟ್ಟುಸಿರು ಬಿಟ್ಟು ಇದನ್ನು ಹೇಳುತ್ತೇನೆ’ ಅಂತ ಅನುವಾದ ಮಾಡಿಕೊಂಡಿದ್ದರು. ಆಗ ಕೊನೆಯ ಮೂರು ಸಾಲು ಕವಿ ಈ ಕ್ಷಣದಲ್ಲಿ ಕೊಡುತ್ತಿರುವ ತೀರ್ಪು ಅನ್ನಿಸುತ್ತದೆ. ‘ಮುಂದೆ ಯಾವತ್ತೋ ಹೇಳಿಕೊಂಡು ಇರ್ತೀನಿ’ ಅಂತ ಬೋರ್ಡಿನ ಮೇಲೆ ಬರೆದೆ. ತರಗತಿಯಲ್ಲಿ ಗುಸುಗುಸು ಎದ್ದಿತು. ಒಬ್ಬ ಹುಡುಗ ಕೇಳಿದ: ‘ಅಂದ್ರೆ ಇನ್ನೂ ಹೇಳಿಲ್ವಾ ಮೇಡಂ?’

ಹಾಳೆಯ ಕೆಳಗೆ ಒಂದು ಉದ್ದ ಗೆರೆ ಎಳೆದು ನಿನ್ನೆ, ಇವತ್ತು, ಮುಂದೆ ಅಂತ ಮೂರು ಗುರುತು ಹಾಕಿದ್ದೆ. ಪ್ರತಿ ನುಡಿ ಎಲ್ಲಿ ಕೂರುತ್ತದೆ ಅಂತ ಅವರೇ ಬರೆದರು. ಮೊದಲ ಮೂರು ನುಡಿ ನಿನ್ನೆಯಲ್ಲಿ, ಕೊನೆಯದು ಮುಂದೆ. ಗೈಡ್‌ಗಳಲ್ಲಿ ಇಂಥ ಗೆರೆ ನಾನು ಕಂಡಿಲ್ಲ. ವ್ಯಾಕರಣದ ಪಾಠಕ್ಕೂ ಸಾಹಿತ್ಯದ ಪಾಠಕ್ಕೂ ನಡುವೆ ನಾವು ಹಾಕಿಕೊಂಡ ಬೇಲಿ ಇದಕ್ಕೆ ಕಾರಣ ಅಂತ ನನಗೆ ಅನ್ನಿಸುತ್ತದೆ. ಕಾಲ ಗೊತ್ತಾಗದೆ ಈ ಪದ್ಯ ಗೊತ್ತಾಗುವುದಿಲ್ಲ.

ಎರಡು ಕಾಲಂ, ಒಂದು ಬಿಟ್ಟ ಪದ

ಮೂರನೇ ಹಾಳೆ ಬಹಳ ಸರಳ. ಎಡಗಡೆ ‘ಬಿಟ್ಟ ದಾರಿ’, ಬಲಗಡೆ ‘ಹಿಡಿದ ದಾರಿ’. ಪ್ರತಿ ಕಾಲಂನಲ್ಲಿ ಪದ್ಯದ ಪದಗಳನ್ನೇ, ಸಾಲಿನ ಸಂಖ್ಯೆ ಸಮೇತ, ತುಂಬಬೇಕು. ಸ್ವಂತ ಮಾತು ಬೇಡ. ಇಬ್ಬಿಬ್ಬರು ಸೇರಿ ಮಾಡಲಿ ಅಂದೆ. ಮಾತು ಕನ್ನಡದಲ್ಲಿ ಆಡಬಹುದು, ಹಾಳೆಯಲ್ಲಿ ಇಂಗ್ಲಿಷ್.

ಸುಮಾರು ಎಂಟು ನಿಮಿಷದ ಮೇಲೆ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಕೈ ಎತ್ತಿದಳು. ‘ಮೇಡಂ, ಇದನ್ನ ಯಾವ ಕಡೆ ಹಾಕ್ಬೇಕು?’ ಅವಳ ಬೆರಳು ‘ಬೋತ್’ ಪದದ ಮೇಲಿತ್ತು. ನಾನು ಉತ್ತರ ಕೊಡಲಿಲ್ಲ. ಪಕ್ಕದವಳು ಹೇಳಿದಳು, ಎರಡೂ ಕಡೆ ಹಾಕು ಅಂತ. ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ: ‘ಎರಡೂ ಒಂದೇ ಥರ ಬಂತಲ್ವಾ? ಮತ್ತೆ ಯಾಕೆ ಕೊನೇಲಿ ಹಾಗೆ ಹೇಳ್ತಾನೆ?’

ಇದೇ ಪ್ರಶ್ನೆಯ ಉತ್ತರವನ್ನು ಹದಿನೈದು ದಿನದ ಹಿಂದೆ ನಾನು ಇಡೀ ಪೀರಿಯಡ್ ನಿಂತು ಹೇಳಿದ್ದೆ. ಆಗ ಅವರಿಗೆ ಪ್ರಶ್ನೆಯೇ ಇರಲಿಲ್ಲ. ಈಗ ಪ್ರಶ್ನೆ ಅವರದ್ದು. ಉಳಿದ ಅರ್ಧ ಪೀರಿಯಡ್ ನಾನು ಹೆಚ್ಚೇನೂ ಮಾತಾಡಬೇಕಾಗಲಿಲ್ಲ. ಒಬ್ಬ ಹೇಳಿದ, ಅವನು ಸುಳ್ಳು ಹೇಳ್ತಾನೆ. ಇನ್ನೊಬ್ಬಳು ಹೇಳಿದಳು, ಸುಳ್ಳಲ್ಲ, ವಯಸ್ಸಾದ ಮೇಲೆ ಹಾಗೇ ನೆನಪಾಗುತ್ತೆ. ಮತ್ತೊಬ್ಬ, ಪರ್ಹ್ಯಾಪ್ಸ್ ಇರೋದ್ರಿಂದ ಸ್ವಲ್ಪ ಆದ್ರೂ ವ್ಯತ್ಯಾಸ ಇತ್ತು ಅಂತ ವಾದ ಹೂಡಿದ. ಮೂರಕ್ಕೂ ಪದ್ಯದಲ್ಲಿ ಆಧಾರ ಇದೆ. ಮೂವರೂ ಸಾಲಿನ ಸಂಖ್ಯೆ ಹೇಳಿಯೇ ಮಾತಾಡಿದರು.

ಮರುದಿನದ ಹಾಳೆಯಲ್ಲಿ ಕೊನೆಯ ನುಡಿ ಮಾತ್ರ ಇತ್ತು, ಅದರಲ್ಲಿ ‘ಸೈ’ (ನಿಟ್ಟುಸಿರು) ಎಂಬ ಒಂದು ಪದ ಖಾಲಿ. ಮಕ್ಕಳು ಅದನ್ನು ಮೊದಲೇ ಓದಿದ್ದರೂ ಹೆಚ್ಚಿನವರಿಗೆ ನೆನಪಿರಲಿಲ್ಲ. ಪದ ಬಿಟ್ಟು ತುಂಬಿಸುವ ಈ ವಿಧಾನಕ್ಕೆ ‘ಕ್ಲೋಜ್’ ಎಂದು ಹೆಸರಿಟ್ಟದ್ದು ವಿಲ್ಸನ್ ಟೇಲರ್, 1953ರಲ್ಲಿ. ಅವರ ಉದ್ದೇಶ ಬೇರೆ ಇತ್ತು. ಒಂದು ಬರಹ ಓದಲು ಎಷ್ಟು ಸುಲಭ ಅಂತ ಅಳೆಯುವುದಕ್ಕೆ ಇಂತಿಷ್ಟನೇ ಪದ ಅಂತ ಲೆಕ್ಕ ಹಾಕಿ ತೆಗೆಯುತ್ತಿದ್ದರು. ಪದ್ಯಕ್ಕೆ ಹಾಗೆ ಮಾಡಿದರೆ ಪ್ರಯೋಜನವಿಲ್ಲ. ಯಾವ ಪದದ ಮೇಲೆ ಮಾತು ಬೆಳೆಯಬೇಕೋ ಆ ಒಂದೇ ಪದ ತೆಗೆಯಬೇಕು.

‘ಸ್ಮೈಲ್’, ‘ಪ್ರೈಡ್’, ‘ಜಾಯ್’ ಬಂದವು. ಗೆದ್ದವನ ಪದಗಳು. ಆಗ ಮುಂದಿನ ಬೆಂಚಿನ ಹುಡುಗ ಹೇಳಿದ, ಸ್ಮೈಲ್ ಆಗಲ್ಲ, ಕೆಳಗೆ ‘ಐ’, ‘ಬೈ’ ಇದೆಯಲ್ಲ, ಪ್ರಾಸ ಕೂರಲ್ಲ. ನನಗೆ ಆದ ಸಂತೋಷ ಹೇಳತೀರದು. ಪ್ರಾಸದ ಕ್ರಮ ಅವರಿಗೆ ಅದುವರೆಗೆ ಒಂದು ಅಂಕದ ಪ್ರಶ್ನೆ ಆಗಿತ್ತು. ಈಗ ಅದು ಕೆಲಸಕ್ಕೆ ಬರುವ ಸಾಮಾನಾಯಿತು. ಪ್ರಾಸ ಹಿಡಿದು ಹುಡುಕಿದಾಗ ಉಳಿದದ್ದು ‘ಕ್ರೈ’ ಮತ್ತು ‘ಸೈ’. ಎರಡಕ್ಕೂ ಏನು ವ್ಯತ್ಯಾಸ? ಅಳು ಅಂದರೆ ದುಃಖವೇ. ನಿಟ್ಟುಸಿರು? ಕೆಲಸ ಮುಗಿದಾಗ ಸಮಾಧಾನಕ್ಕೂ ಬಿಡುತ್ತೇವೆ, ಕೈಗೆ ಬರದೆ ಹೋದದ್ದನ್ನು ನೆನೆದೂ ಬಿಡುತ್ತೇವೆ. ನನ್ನ ಹಳೆಯ ನೋಟ್ಸ್‌ನಲ್ಲಿ ಸೈ ಅಂದರೆ ದುಃಖದ ಉಸಿರು ಅಂತ ಬರೆದಿದ್ದೆ. ಅಷ್ಟು ಬರೆದು ಆ ಪದದ ಅರ್ಧ ಜೀವ ತೆಗೆದಿದ್ದೆ.

ಫ್ರಾಸ್ಟ್ ಅವರೇ ಓದಿದ ಧ್ವನಿಮುದ್ರಣ ಇದೆ. ಅದನ್ನು ಈ ಹಂತದಲ್ಲಿ ಕೇಳಿಸಿದೆ. ಮೊದಲೇ ಕೇಳಿಸಿದ್ದರೆ ಅವರ ಧ್ವನಿಯೇ ಅರ್ಥ ಆಗಿಬಿಡುತ್ತಿತ್ತು. ಕೊನೆಯಲ್ಲಿ ‘ಆ್ಯಂಡ್ ಐ’ ಅಂದು ಒಂದು ಅಡ್ಡಗೆರೆ ಬರುತ್ತದೆ, ಮುಂದಿನ ಸಾಲು ಮತ್ತೆ ‘ಐ’ ಅಂತಲೇ ಶುರುವಾಗುತ್ತದೆ. ಆ ತಡೆ ಯಾಕೆ ಅಂತ ಜೋಡಿಗಳಲ್ಲಿ ಓದಿ ನೋಡಲು ಹೇಳಿದೆ. ಕೆಲವರು ಜಂಬದಿಂದ ಓದಿದರು, ಕೆಲವರು ತಡವರಿಸುತ್ತಾ ಓದಿದರು.

ಥಾಮಸ್ ಕಥೆಯನ್ನು ಕೊನೆಗೆ ಮತ್ತೆ ತೆಗೆದೆ. ಈ ಸಲ ಅದು ಉತ್ತರವಾಗಿ ಬರಲಿಲ್ಲ. ‘ಕವಿ ತಮಾಷೆಗೆ ಬರೆದರೂ ಓದಿದವರಿಗೆ ಹಾಗೆ ಅನ್ನಿಸ್ಲಿಲ್ಲ ಅಲ್ವಾ, ಹಾಗಾದ್ರೆ ಯಾರು ಸರಿ?’ ಅಂತ ಒಬ್ಬಳು ಕೇಳಿದಳು. ಆ ಪ್ರಶ್ನೆಯನ್ನು ಹಾಗೇ ಬಿಟ್ಟೆ.

ಕೈಗೂಡದ್ದು

ಸಾಲುಗಳನ್ನು ಕತ್ತರಿಸಿ, ಕಲೆಸಿ, ಮತ್ತೆ ಜೋಡಿಸುವ ಚಟುವಟಿಕೆ ಪೂರ್ತಿ ನೆಲಕಚ್ಚಿತು. ಪಠ್ಯವನ್ನೇ ಕೈಯಾಡಿಸಿ ಓದಿಸುವ ಇಂಥ ಚಟುವಟಿಕೆಗಳಿಗೆ ‘ಡಾರ್ಟ್ಸ್’ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಎರಿಕ್ ಲನ್ಜರ್ ಮತ್ತು ಕೀತ್ ಗಾರ್ಡ್‌ನರ್ ಅವರ ಕೆಲಸದಿಂದ ಇವು ಹೆಸರಾದವು. ವಾದ ಒಂದರ ಮೇಲೊಂದು ಬೆಳೆಯುವ ಗದ್ಯಕ್ಕೆ ಇದು ಒಳ್ಳೆಯ ಸಾಧನ. ಆದರೆ ಇಲ್ಲಿ ಮಕ್ಕಳು ‘ವುಡ್, ಸ್ಟುಡ್, ಕುಡ್’ ಅಂತ ಪ್ರಾಸ ನೋಡಿ ಚಕಚಕ ಜೋಡಿಸಿಬಿಟ್ಟರು. ಅರ್ಥದ ಕಡೆ ತಲೆಹಾಕಲೇ ಇಲ್ಲ. ಒಂದು ಪೀರಿಯಡ್ ಹೋಯಿತು.

ಇನ್ನೊಂದು ಇದಕ್ಕಿಂತ ಗಂಭೀರ. ತರಗತಿಯಲ್ಲಿ ನಾಲ್ಕು ಮಕ್ಕಳಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದೇ ಕಷ್ಟ. ಬರೀ ಪದ್ಯ ಇರುವ ಹಾಳೆ ಅವರಿಗೆ ಗೋಡೆಯ ಹಾಗೆ ಕಂಡಿತು. ಒಬ್ಬ ಹತ್ತು ನಿಮಿಷವೂ ತಲೆ ತಗ್ಗಿಸಿ ಕೂತಿದ್ದ, ಹಾಳೆಯ ಮೇಲೆ ಒಂದು ಗುರುತೂ ಇರಲಿಲ್ಲ. ಮರುದಿನ ಅವರಿಗೆ ಒಂದೇ ನುಡಿಯ ಹಾಳೆ ಕೊಟ್ಟೆ. ನಾನು ನಿಧಾನವಾಗಿ ಓದುತ್ತಾ ಹೋದೆ, ಅವರು ಬೆರಳಿಟ್ಟು ಹಿಂಬಾಲಿಸಿದರು. ಎರಡು ಕಾಲಂ ಹಾಳೆಗೆ ಬರುವಷ್ಟರಲ್ಲಿ ಇಬ್ಬರು ಜೊತೆಗೂಡಿದರು. ಇನ್ನಿಬ್ಬರಿಗೆ ನನ್ನ ಹತ್ತಿರ ಸರಿಯಾದ ಸಾಧನ ಇನ್ನೂ ಇಲ್ಲ.

ಪರೀಕ್ಷೆಯ ಮಾತು

ಮಕ್ಕಳಿಗೆ ಭಯ ಇತ್ತು. ‘ಇದೆಲ್ಲ ಸರಿ ಮೇಡಂ, ಪರೀಕ್ಷೇಲಿ ಏನು ಬರೀಬೇಕು?’ ನ್ಯಾಯವಾದ ಪ್ರಶ್ನೆ. ಸಹೋದ್ಯೋಗಿಯೊಬ್ಬರೂ ಕೇಳಿದರು, ‘ಒಂದು ಪದ್ಯಕ್ಕೆ ಇಷ್ಟು ಪೀರಿಯಡ್ ತಗೊಂಡ್ರೆ ಉಳಿದ ಪಾಠ ಯಾವಾಗ ಮುಗಿಸ್ತೀರಾ?’

ಸಮಯದ ಲೆಕ್ಕ ನೋಡಿದೆ. ಕತ್ತರಿಸಿ ಜೋಡಿಸುವ ಆಟ ಬಿಟ್ಟರೆ ಹೊಸ ರೀತಿಗೆ ಐದು ಪೀರಿಯಡ್. ಮೊದಲು ನಾಲ್ಕು. ಸ್ಲೈಡ್, ವಿಡಿಯೊ, ನೋಟ್ಸ್ ಬರೆಸುವುದು ಮೂರೂ ಹೋದದ್ದರಿಂದ ಒಂದೇ ಪೀರಿಯಡ್ ಜಾಸ್ತಿ ಆಯಿತು. ಎಲ್ಲ ಪದ್ಯಕ್ಕೂ ಹೀಗೆ ಮಾಡಲಾಗುವುದಿಲ್ಲ. ವರ್ಷಕ್ಕೆ ಎರಡೋ ಮೂರೋ ಪಠ್ಯಕ್ಕೆ ಮಾಡಬಹುದು. ಅಷ್ಟು ಸಾಕು ಅಂತ ನಾನು ನಂಬುತ್ತೇನೆ.

ಉತ್ತರ ಬರೆಯುವುದಕ್ಕೆ ಒಂದು ಕ್ರಮ ಕಲಿಸಿದೆ. ನಿನ್ನ ಅಭಿಪ್ರಾಯ ಒಂದು ವಾಕ್ಯ. ಅದಕ್ಕೆ ಪದ್ಯದ ಒಂದು ತುಣುಕು. ಆ ತುಣುಕಿನಲ್ಲಿ ಯಾವ ಪದ ನಿನಗೆ ಹಾಗೆ ಅನ್ನಿಸಿತು ಅಂತ ಇನ್ನೊಂದು ವಾಕ್ಯ. ಧೈರ್ಯದ ಪದ್ಯ ಅಂತ ಬರೆಯುವವರೂ ಹೀಗೇ ಬರೆಯಬಹುದು. ತಿದ್ದುವವರು ಯಾವ ಅಭಿಪ್ರಾಯ ನಿರೀಕ್ಷಿಸುತ್ತಾರೋ ನಾನು ಹೇಳಲಾರೆ. ಆದರೆ ಸಾಲು ತೋರಿಸಿ ಬರೆದ ಉತ್ತರವನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ ಅಂತ ಧೈರ್ಯ ಹೇಳಿದೆ.

ಮೂರನೇ ಸಲ ಅದೇ ಎರಡು ಪ್ರಶ್ನೆ ಕೊಟ್ಟಾಗ 36ರಲ್ಲಿ 31 ಮಕ್ಕಳು ಪದ್ಯದ ನಿಜವಾದ ಸಾಲು ಬರೆದಿದ್ದರು. ಅಭಿಪ್ರಾಯಗಳು ಬೇರೆ ಬೇರೆ ಇದ್ದವು. ವ್ಯಾಕರಣ ಮೊದಲಿಗಿಂತ ಕೆಟ್ಟಿತ್ತು. ಯಾಕೆಂದರೆ ಈ ಸಲ ವಾಕ್ಯಗಳು ಅವರದ್ದೇ. ಆ ತಪ್ಪುಗಳನ್ನು ತಿದ್ದುವಾಗ ನನಗೆ ಬೇಸರ ಆಗಲಿಲ್ಲ.

ಎರಡು ತಿಂಗಳ ನಂತರ

ಇದು ಒಂದು ಪದ್ಯಕ್ಕೆ ಮಾತ್ರ ಕಲಿತದ್ದಾ ಅಂತ ನೋಡಬೇಕಿತ್ತು. ಅವರು ಕಾಣದ ಪದ್ಯ ಕೊಟ್ಟೆ, ಅದೇ ಕವಿಯ ‘ಡಸ್ಟ್ ಆಫ್ ಸ್ನೋ’. ಎಂಟು ಸಾಲು, ಇಡೀ ಪದ್ಯ ಒಂದೇ ವಾಕ್ಯ. ಮರದಿಂದ ಕಾಗೆ ಹಿಮದ ಪುಡಿ ಕೆಡವುತ್ತದೆ, ಹೇಳುವವನ ಮನಸ್ಸು ಬದಲಾಗುತ್ತದೆ, ಕೊರಗಿನಲ್ಲಿ ಹೋಗುತ್ತಿದ್ದ ದಿನದ ಸ್ವಲ್ಪ ಭಾಗ ಉಳಿಯುತ್ತದೆ. ಹೆಸರು, ಅರ್ಥ, ಪ್ರಶ್ನೆ ಯಾವುದೂ ಹಾಳೆಯಲ್ಲಿ ಇರಲಿಲ್ಲ.

ಮೊದಲ ಐದು ನಿಮಿಷ ಅವರು ಏನು ಮಾಡುತ್ತಾರೆ ಅಂತ ನೋಡುತ್ತಾ ನಿಂತೆ. ಹೆಚ್ಚಿನವರು ಕೇಳದೆಯೇ ಪೆನ್ಸಿಲ್ ತೆಗೆದರು. ಕೆಲವರು ಸಾಲುಗಳಿಗೆ ಸಂಖ್ಯೆ ಹಾಕಿಕೊಂಡರು. ಏಳೆಂಟು ಜನ ‘ಸಮ್’ (ಸ್ವಲ್ಪ) ಎಂಬ ಪದದ ಸುತ್ತ ಗೆರೆ ಎಳೆದಿದ್ದರು. ‘ಇಡೀ ದಿನ ಸರಿ ಹೋಯ್ತು ಅಂತ ಹೇಳ್ತಿಲ್ಲ’ ಅಂತ ಅಂಚಿನಲ್ಲಿ ಒಬ್ಬಳು ಕನ್ನಡದಲ್ಲೇ ಬರೆದಿದ್ದಳು.

ನಾಲ್ಕು ಜನ ಕೈ ಎತ್ತಿ ಅರ್ಥ ಬರೆಸಿ ಅಂದರು. ಓದಲು ಕಷ್ಟಪಡುವ ಆ ಇಬ್ಬರು ಪಕ್ಕದವರ ಹಾಳೆ ನೋಡಿ ಬರೆಯುತ್ತಿದ್ದರು. ಮುಂದಿನ ಘಟಕದಲ್ಲಿ ಹನ್ನೊಂದು ಪುಟದ ಒಂದು ಸಣ್ಣಕಥೆ ಇದೆ. ಅದನ್ನು ಹೀಗೆ ಒಂದು ಹಾಳೆಗೆ ತರಲು ಆಗುವುದಿಲ್ಲ. ಸದ್ಯಕ್ಕೆ ಕಥೆಯ ಒಂದೂವರೆ ಪುಟ ಆರಿಸಿಟ್ಟಿದ್ದೇನೆ. ಆ ಇಬ್ಬರಿಗಾಗಿ ಅದನ್ನು ನಿಧಾನವಾಗಿ ಓದಿ ಧ್ವನಿಮುದ್ರಿಸುತ್ತಿದ್ದೇನೆ.